ಬಿಪಿ ಮಿಷನ್ನಲ್ಲಿ ಹಾರ್ಟ್ ಗುರುತು ಮಿನುಗುತ್ತೆ, ಇಸಿಜಿ ನಾರ್ಮಲ್ ಅಂತಾರೆ

ಸಿದ್ದಾಪುರದವಳು: ನಮ್ಮಮ್ಮಂಗೆ 68, ಬಿಪಿ ಮಾತ್ರೆ ತಗೋತಾರೆ. ಕಾಫಿ ಕುಯ್ಲು ಶುರುವಾದಾಗಿಂದ ಆಗಾಗ "ಎದೇಲಿ ಏನೋ ಪಟಪಟ ಅನ್ನುತ್ತೆ ಕಣೆ" ಅಂತಾರೆ, ಆವಾಗ ಮಿಷನ್ ಹಾಕಿದ್ರೆ ನಂಬರ್ ಪಕ್ಕ ಹಾರ್ಟ್ ಗುರುತು ಮಿನುಗುತ್ತೆ, ಪಲ್ಸ್ ಒಂದ್ಸಲ 74 ತೋರ್ಸಿದ್ರೆ ಇನ್ನೊಂದ್ಸಲ 112. ಮಡಿಕೇರಿಗೆ ಕರ್ಕೊಂಡೋಗಿ ಇಸಿಜಿ ಮಾಡಿಸಿದ್ವಿ, ಅಷ್ಟೊತ್ತಿಗೆ ಎಲ್ಲ ಸರಿ ಇತ್ತು, ನಾರ್ಮಲ್ ಅಂದ್ರು. ಕಾಫಿ ಕುಡಿಯೋದು ಬಿಡಿಸ್ಬೇಕಾ? ಬಿಡಿಸೋಕೆ ಹೋದ್ರೆ ಮನೇಲಿ ಯುದ್ಧನೇ.

ನೈಟ್ ಡ್ಯೂಟಿ ನರ್ಸ್: ಇಸಿಜಿ ಹಿಡಿಯೋದು ಸುಮಾರು 10 ಸೆಕೆಂಡು ಅಷ್ಟೇ, ಆ ಹೊತ್ತಲ್ಲಿ ತೊಂದ್ರೆ ಇಲ್ಲಾಂದ್ರೆ ಕಾಣಲ್ಲ. ಮತ್ತೆ ಪಟಪಟ ಅಂದಾಗ ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನೋಡಿ. ನಾಡಿ ಸಮವಾಗೇ ಹೋಗ್ತಾ ಮಧ್ಯೆ ಒಂದು ಬಿಟ್ಟೋಗಿ ಮುಂದಿನದು ಜೋರಾಗಿ ಬಡಿದ್ರೆ ಬಹಳ ಸಲ ಅದು ಎಕ್ಟೋಪಿಕ್, ಅಲ್ಲಿ ಹೃದಯ ನಿಂತಿರಲ್ಲ, ಒಂದು ಬಡಿತ ಅವಸರಕ್ಕೆ ಬಿದ್ದು ಕೈವರೆಗೆ ಮುಟ್ಟಿರಲ್ಲ ಅಷ್ಟೆ, ಇದು ಆರೋಗ್ಯವಾಗಿರೋರಿಗೂ ಬರುತ್ತೆ. ಆದ್ರೆ ವಾಲಗದವರೆಲ್ಲ ಒಟ್ಟಿಗೆ ತಾಳ ತಪ್ಪಿದ ಹಾಗೆ ಒಂದಕ್ಕೊಂದು ಲೆಕ್ಕವೇ ಸಿಗದಿದ್ರೆ ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಅದರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ನಡುಗ್ತವೆ, ಎಡಗಡೆ ಮೂಲೇಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋದ್ರೆ ಸ್ಟ್ರೋಕ್. 68 ವಯಸ್ಸು, ಮೇಲೆ ಬಿಪಿ ಬೇರೆ, ಹಾಗಾಗಿ ಸುಮ್ನಿರ್ಬೇಡಿ. ಹೋಲ್ಟರ್ ಕೇಳಿ, ಅದು ಬಡಿತನ ಬಿಡದೆ ದಾಖಲಿಸೋ ಚಿಕ್ಕ ಮಿಷನ್, 24 ಗಂಟೆ ಎದೆಗೆ ಕಟ್ಕೊಂಡೇ ಮನೆ ಕೆಲಸ ಮಾಡ್ಬಹುದು.

ತೋಟದ ಮನೆ: ನಮ್ಮಪ್ಪಂಗೂ ಹೀಗೇ, ಸೋಮವಾರಪೇಟೇಲಿ ಏನೂ ಸಿಗ್ಲಿಲ್ಲ, ಮೈಸೂರು ಜಯದೇವದಲ್ಲಿ ಹೋಲ್ಟರ್ ಹಾಕಿದ್ಮೇಲೆ ರಾತ್ರಿ ಮಲಗಿದ್ದಾಗ ಸಿಕ್ಕಿಬಿತ್ತು. ಥೈರಾಯ್ಡ್ ಜಾಸ್ತಿ ಇತ್ತು, ಅದನ್ನೂ ಚೆಕ್ ಮಾಡಿಸಿ. ಈಗ ರಕ್ತ ತೆಳು ಮಾಡೋ ಮಾತ್ರೆ ಇದೆ, ಶೇವಿಂಗ್ ಮಾಡುವಾಗ ಒಂಚೂರು ಕುಯ್ದ್ರೂ ರಕ್ತ ಬೇಗ ನಿಲ್ಲಲ್ಲ, ಅದಕ್ಕೇ "ಮಾತ್ರೆ ಬೇಡ" ಅಂತ ವಾರಕ್ಕೊಂದ್ಸಲ ಗಲಾಟೆ. ಡಾಕ್ಟರ್ ಕೇಳದೆ ನಿಲ್ಸೋ ಮಾತ್ರೆ ಅಲ್ಲ ಅದು.

ರೊಬಸ್ಟಾ: ಸುಮ್ನೆ ಕಾಫಿ ಮೇಲೆ ಯಾಕೆ ಹಾಕ್ತೀರಪ್ಪ 😄 ಮದ್ವೆ ಮನೇಲಿ ರಾತ್ರಿಯೆಲ್ಲ ಗುಂಡು ಹಾಕಿ ಬೆಳಿಗ್ಗೆ ಎದೆ ಡವಡವ ಅನ್ನೋರನ್ನ ಕೇಳಿ, 1978ರಲ್ಲೇ ಅಮೆರಿಕದ ಡಾಕ್ಟರ್‌ಗಳು ಇದಕ್ಕೆ ಹಾಲಿಡೇ ಹಾರ್ಟ್ ಅಂತ ಹೆಸರಿಟ್ಟಾಗಿದೆ.

ನೈಟ್ ಡ್ಯೂಟಿ ನರ್ಸ್: ಅದು ನಿಜ. ದಿನಕ್ಕೆ ಎರಡು ಲೋಟ ಕಾಫಿ ಸಾಮಾನ್ಯವಾಗಿ ತೊಂದ್ರೆ ಕೊಡಲ್ಲ, ಕುಡಿದ ಮೇಲೇ ಶುರುವಾಗುತ್ತೆ ಅನ್ಸಿದ್ರೆ ಮಾತ್ರ ಕಮ್ಮಿ ಮಾಡ್ಲಿ. ಆದ್ರೆ ರೊಬಸ್ಟಾದಲ್ಲಿ ಅರೇಬಿಕಾಗಿಂತ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು, ನೆನಪಿರ್ಲಿ.

ಸಿದ್ದಾಪುರದವಳು: ಈಗಷ್ಟೇ ಕೈ ಹಿಡಿದು ನೋಡಿದೆ, ತಾಳವೇ ಇಲ್ಲ. ಅವರು ಮಾತ್ರ ಆರಾಮಾಗಿ ಕೂತು ಅಡಿಕೆ ಕತ್ತರಿಸ್ತಿದ್ದಾರೆ.

ನೈಟ್ ಡ್ಯೂಟಿ ನರ್ಸ್: ಹಾಗಾದ್ರೆ ನಾಳೆಗೆ ಇಡ್ಬೇಡಿ, ಈಗಲೇ ಹತ್ತಿರ ಎಲ್ಲಿ ಇಸಿಜಿ ಇದ್ಯೋ ಅಲ್ಲಿಗೆ ಹೋಗಿ, ತಾಳ ತಪ್ಪಿರುವಾಗಲೇ ತೆಗೆದ್ರೆ ಕಾಣುತ್ತೆ. ಕಾಗದ ಜೋಪಾನ ಮಾಡಿ. ತಲೆ ತಿರುಗಿ ಬಿದ್ರೆ, ಎದೆನೋವು, ಏದುಸಿರು ಬಂದ್ರೆ, ಬಾಯಿ ಸೊಟ್ಟಗಾದ್ರೆ 108ಕ್ಕೆ ಕರೆ ಮಾಡಿ, ಜೀಪಿಗೆ ಕಾಯ್ಬೇಡಿ.