ಬೆಟ್ಟದ ಅಬ್ಬಿ (ಝರಿ) ನೀರು ಪೈಪಿನಲ್ಲಿ ಅಂಗಳಕ್ಕೆ ಬರುವಷ್ಟರಲ್ಲಿ ಸೋತು ಹೋಗ್ತಿದೆ, ಏನು ಮಾಡಲಿ?

ಶಿರಸಿ ತೋಟದಮನೆ: ಮೊದಲು 15 ಲೀಟರ್ ಬಕೆಟ್ 25 ಸೆಕೆಂಡಿನಲ್ಲಿ ತುಂಬುತ್ತಿತ್ತು. ಈಗ 50 ದಾಟುತ್ತದೆ. ಬಚ್ಚಲ ಹಂಡೆ ತುಂಬಲು ಅಮ್ಮ ಕಾಯುತ್ತಾ ನಿಲ್ಲಬೇಕು. ಪೈಪಿನ ಬಾಯಿಯ ಜಾಲರಿ ಎರಡು ಸಲ ತೊಳೆದೆ. ಸಾಕಾಗಿ ಹೋಗಿದೆ.

ಕುಮಟಾ ಪ್ಲಂಬರ್: ಪೈಪು ಎಷ್ಟಿಂಚು, ಎಷ್ಟುದ್ದ, ಇಳಿಜಾರು ಎಷ್ಟು? ಅದೇ ಹೇಳಲಿಲ್ಲವಲ್ಲ.

ಶಿರಸಿ ತೋಟದಮನೆ: ಒಂದಿಂಚು ಕರಿ ಪೈಪು, 350 ಮೀಟರ್. ಅಬ್ಬಿ ಅಂಗಳಕ್ಕಿಂತ 22 ಮೀಟರ್ ಎತ್ತರ.

ಯಲ್ಲಾಪುರ ಅಡಿಕೆ: ಒಂದಿಂಚು ಸಾಲುವುದಿಲ್ಲ, ಒಂದೂವರೆ ಎಳೆಯಿರಿ. ಪೈಪಿನ ಅಗಲ ಎರಡು ಪಟ್ಟಾದರೆ ನೀರು ಐದು ಪಟ್ಟಿಗಿಂತ ಜಾಸ್ತಿ ಬರುತ್ತದೆ.

ಕುಮಟಾ ಪ್ಲಂಬರ್: ಇದೇ ಪೈಪಿನಲ್ಲಿ ಮೊದಲು ಬರುತ್ತಿತ್ತಲ್ವಾ?

ಯಲ್ಲಾಪುರ ಅಡಿಕೆ: ಒಳಗೆ ಕೆಸರು ಕಟ್ಟಿರುತ್ತದೆ. ಒಂದೂವರೆಯೇ ಹಾಕಿ.

ಅಂಕೋಲಾ: ಹೊಸದು ಹಾಕುವುದಾದರೆ ಪಿವಿಸಿ.

ಸಿದ್ದಾಪುರ: ಬೆಟ್ಟದಲ್ಲಿ ಪಿವಿಸಿಯಾ ಮಾರಾಯ್ರೇ? ಬಿಸಿಲಿಗೆ ಪೆಡಸಾಗಿ ಒಡೆಯುತ್ತದೆ. ಮುಳ್ಳುಹಂದಿ ಕರಿ ಪೈಪನ್ನೇ ಬಿಡುವುದಿಲ್ಲ. ನಾನು 63 ಎಂಎಂ ಕರಿ ಪೈಪು ಹೂತಿದ್ದೇನೆ. ಪಂಪಿಲ್ಲದೆ ಎಂಟು ಸ್ಪ್ರಿಂಕ್ಲರ್ ತಿರುಗುತ್ತವೆ.

ಕುಮಟಾ ಪ್ಲಂಬರ್: ಅದು ಆಮೇಲೆ. ಅಂಗಳದ ನಲ್ಲಿ ಪೂರ್ತಿ ಬಂದ್ ಮಾಡಿ ಒತ್ತಡ ಅಳೆಯುವ ಗೇಜ್ ನೋಡಿ. 22 ಮೀಟರಿಗೆ 2.2 ಕೆಜಿ (ಚದರ ಸೆಂಟಿಮೀಟರಿಗೆ) ಹತ್ತಿರ ಬರಬೇಕು. ಪೈಪು ಸಣ್ಣದಿದ್ದರೂ, ಕೆಸರಿದ್ದರೂ, ನೀರು ನಿಂತಾಗ ಒತ್ತಡ ಪೂರ್ತಿ ಇರುತ್ತದೆ.

ಶಿರಸಿ ತೋಟದಮನೆ: 0.6 ಅಷ್ಟೇ!

ಕುಮಟಾ ಪ್ಲಂಬರ್: ಎಲ್ಲೂ ಸೋರುತ್ತಿಲ್ಲ ಅಂದ್ರೆ ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿದೆ. ದಾರಿಯಲ್ಲಿ ದಿಬ್ಬ ಇದೆಯಾ?

ಶಿರಸಿ ತೋಟದಮನೆ: ಇದೆ. ಹೋದ ಮಳೆಗಾಲ ದರೆ ಕುಸಿದ ಮೇಲೆ ಪೈಪನ್ನು ದಿಬ್ಬ ಹತ್ತಿಸಿ ತಂದೆವು. ಹೇಳಲು ಮರೆತೆ.

ಕುಮಟಾ ಪ್ಲಂಬರ್: ಅದೇ ನೋಡಿ, ಗಾಳಿ ದಿಬ್ಬದ ತುದಿಯಲ್ಲಿ ಸೇರಿಕೊಂಡಿದೆ. ದಿಬ್ಬದ ತುದಿ ಅಬ್ಬಿಗಿಂತ ಕೆಳಗಿದ್ದರೆ ಮಾತ್ರ ಅಲ್ಲೊಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಗಾಳಿ ಬಿಡಲು ಸಣ್ಣ ಕಾಕ್ (ತಿರುಗಿಸುವ ನಲ್ಲಿ) ಕೂರಿಸಿ. ಮನೆ ನಲ್ಲಿ ಬಂದ್ ಇಟ್ಟು ಕಾಕ್ ಬಿಡಿ. ಮನೆ ನಲ್ಲಿ ತೆರೆದಿದ್ದರೆ ಕಾಕ್ ಗಾಳಿಯನ್ನು ಒಳಗೆ ಎಳೆದುಕೊಳ್ಳಬಹುದು.

ಶಿರಸಿ ತೋಟದಮನೆ: ದಿಬ್ಬ ಅಬ್ಬಿಗಿಂತ ಒಂದಾಳು ಕೆಳಗಿತ್ತು, ಇವತ್ತು ಕಾಕ್ ಹಾಕಿದೆ. ಕಾಕ್ ತಿರುಗಿಸಿದ ಕೂಡಲೇ ಸೊಂಯ್ ಅಂತ ಬರೀ ಗಾಳಿ. ಮೂರು ನಿಮಿಷ ಕಳೆದ ಮೇಲೆ ನೊರೆ, ಆಮೇಲೆ ಉಗುಳಿ ಉಗುಳಿ ಕೆಂಪು ನೀರು, ಒಂದು ಕೊಳೆತ ಎಲೆ, ಕೊನೆಗೆ ತಿಳಿ ನೀರು. ಗೇಜ್ 2.1, ಬಕೆಟ್ 27 ಸೆಕೆಂಡು. ನಿಮ್ಮ ಉಪಕಾರ ಮರೆಯುವುದಿಲ್ಲ ಅಣ್ಣಾ.

ಯಲ್ಲಾಪುರ ಅಡಿಕೆ: ಒಂದೂವರೆ ಇಂಚಿಗೆ ಹತ್ತೇ ಸೆಕೆಂಡು ಸಾಕಿತ್ತು.

ಸಿದ್ದಾಪುರ: ಏಪ್ರಿಲ್‌ನಲ್ಲಿ ಅಬ್ಬಿ ಇಳಿದು ಪೈಪಿನ ಬಾಯಿ ಮೇಲೆದ್ದರೆ ಮತ್ತೆ ಗಾಳಿ ಹೊಗುತ್ತದೆ. ಬಾಯಿ ನೀರಿನಲ್ಲಿ ಎಷ್ಟು ಮುಳುಗಿದೆ?