ಬಾಡಿಗೆ ಮನೆ, ‘ಪ್ರಾಣಿ ಸಾಕಬಾರದು’ ಅನ್ನುವ ಅಗ್ರಿಮೆಂಟ್, ಒಳಗೊಂದು ಬೆಕ್ಕು: ಓನರ್‌ಗೆ ಹೇಳಲೋ ಬೇಡವೋ?

ಕುವೆಂಪುನಗರ_ಮೂರನೇ_ಮಹಡಿ:

ನಾನು, ತಂಗಿ ಇಬ್ಬರೂ ಮೈಸೂರಿನ ಕುವೆಂಪುನಗರದಲ್ಲಿ ಒಂದು ಫ್ಲಾಟ್‌ನಲ್ಲಿ ಬಾಡಿಗೆಗೆ ಇದ್ದೇವೆ. ಈ ಮಳೆಗಾಲದಲ್ಲಿ ಕೆಳಗೆ ಪಾರ್ಕಿಂಗ್‌ನಲ್ಲಿ ಒಂದು ಹೆಣ್ಣು ಬೆಕ್ಕಿನ ಮರಿ ಸಿಕ್ಕಿತು. ತಾಯಿ ಎಲ್ಲೂ ಕಾಣಲಿಲ್ಲ, ಸುತ್ತ ನಾಯಿಗಳು ಬೇರೆ, ಎತ್ತಿಕೊಂಡು ಬಂದೆವು. ಯಾರಿಗಾದರೂ ಕೊಟ್ಟರಾಯಿತು ಅಂದುಕೊಂಡಿದ್ದೆವು, ಈಗ ಅದು ತಂಗಿಯ ದಿಂಬಿನ ಮೇಲೆ ಮಲಗುತ್ತದೆ. ಅಂದರೆ ಅರ್ಥವಾಯಿತಲ್ಲ, ಇನ್ನು ಕೊಡುವ ಮಾತಿಲ್ಲ.

ತೊಂದರೆ ಏನೆಂದರೆ ಅಗ್ರಿಮೆಂಟ್‌ನಲ್ಲಿ ‘ನಾಯಿ, ಬೆಕ್ಕು ಮುಂತಾದ ಪ್ರಾಣಿಗಳನ್ನು ಸಾಕತಕ್ಕದ್ದಲ್ಲ’ ಎಂದು ಸ್ಪಷ್ಟವಾಗಿ ಬರೆದಿದೆ. ಸಾಲದ್ದಕ್ಕೆ ಲಿಫ್ಟ್ ಪಕ್ಕದಲ್ಲಿ ಅಸೋಸಿಯೇಷನ್ ನೋಟಿಸ್ ಕೂಡ ಇದೆ. ಓನರ್ ಇರುವುದು ಬೆಂಗಳೂರಿನಲ್ಲಿ, ಅಪರೂಪಕ್ಕೆ ಬರುತ್ತಾರೆ. ಬಂದಾಗ ಬೆಕ್ಕನ್ನು ಗೆಳತಿ ಮನೆಗೆ ಸಾಗಿಸಿಬಿಡು ಅನ್ನುತ್ತಾಳೆ ತಂಗಿ. ಅಮ್ಮ ಊರಿಗೆ ಕಳಿಸು ಅನ್ನುತ್ತಾರೆ. ಬೆಕ್ಕು ಹೊರಗೆ ಹೋಗುವುದೇ ಇಲ್ಲ, ಯಾರಿಗೂ ತೊಂದರೆ ಇಲ್ಲ. ಕಾನೂನು ಏನು ಹೇಳುತ್ತದೆ, ಅಡ್ವಾನ್ಸ್ ಹೋಗುತ್ತದಾ, ವಾಸನೆ ಬರದ ಹಾಗೆ ಹೇಗೆ ನೋಡಿಕೊಳ್ಳುವುದು? ಅನುಭವ ಇರುವವರು ಹೇಳಿ.

ಹನ್ನೊಂದು_ತಿಂಗಳು:

ನೀವು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟು ಮಾಡಿದ್ದೀರಿ. ಲಿಫ್ಟ್ ಪಕ್ಕದ ನೋಟಿಸ್ ಬೇರೆ, ನಿಮ್ಮ ಅಗ್ರಿಮೆಂಟ್ ಬೇರೆ.

ನೋಟಿಸ್‌ಗೆ ಅಷ್ಟೊಂದು ಹೆದರಬೇಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸಾಕುನಾಯಿಗಳೇ ಬೇಡ ಎಂದು ಅಸೋಸಿಯೇಷನ್ ನಿಯಮ ಮಾಡುವ ಹಾಗಿಲ್ಲ, ಬಹುಮತ ಇದ್ದರೂ ಆಗುವುದಿಲ್ಲ ಎಂದು ಅದರಲ್ಲಿದೆ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಸಾಕುಪ್ರಾಣಿಗಳ ಬಗ್ಗೆ ಇದೇ ದಾರಿಯಲ್ಲಿ ತೀರ್ಪು ಕೊಟ್ಟಿತು. (ಅದೇ ಕೋರ್ಟ್ 2020ರ ಲಾಕ್‌ಡೌನ್‌ನಲ್ಲಿ ಒಬ್ಬರಿಗೆ ಬೆಕ್ಕಿನ ಬಿಸ್ಕತ್ತು ತರಲು ಹೊರಗೆ ಹೋಗಲು ಅನುಮತಿ ಕೊಟ್ಟಿತ್ತು. ನಮ್ಮನ್ನು ತರಕಾರಿಗೂ ಬಿಡದ ಕಾಲದಲ್ಲಿ!) ಕೇರಳದ ತೀರ್ಪು ನಮ್ಮ ರಾಜ್ಯವನ್ನು ಕಟ್ಟಿಹಾಕುವುದಿಲ್ಲ, ಆದರೆ ಅಸೋಸಿಯೇಷನ್ ಸೆಕ್ರೆಟರಿ ಮುಂದೆ ಮಾತಾಡಲು ಸಾಕಷ್ಟು ಬಲ ಕೊಡುತ್ತದೆ.

ಓನರ್ ವಿಷಯ ಹಾಗಲ್ಲ. ಅಗ್ರಿಮೆಂಟ್‌ಗೆ ನೀವೇ ಸಹಿ ಹಾಕಿದ್ದೀರಿ. ಕೋರ್ಟಿಗೆ ಹೋದರೆ ಏನಾಗುತ್ತದೆ ಎನ್ನುವ ಚರ್ಚೆ ನಿಮಗೆ ಉಪಯೋಗವಿಲ್ಲ, ಯಾಕೆಂದರೆ ಯಾವ ಓನರೂ ಬೆಕ್ಕಿನ ಮೇಲೆ ಕೇಸು ಹಾಕುವುದಿಲ್ಲ. ಸುಮ್ನೆ 11 ತಿಂಗಳು ಮುಗಿದಾಗ ‘ಮಗಳು ಬರ್ತಿದ್ದಾಳೆ, ಮನೆ ಬೇಕು’ ಅನ್ನುತ್ತಾರೆ. ಅಷ್ಟೇ, ಕಥೆ ಮುಗಿಯಿತು. ಹೊರಡುವಾಗ ಸುಣ್ಣಬಣ್ಣದ ಜೊತೆಗೆ ಬಾಗಿಲಿನ ಗೀರು, ಸೊಳ್ಳೆ ಪರದೆಯ ತೂತು ಎಲ್ಲವೂ ಅಡ್ವಾನ್ಸ್‌ನಿಂದ ಕಳೆಯುತ್ತದೆ. ಹಾಗಾಗಿ ನಿಮಗೆ ಬೇಕಿರುವುದು ತೀರ್ಪಲ್ಲ, ಓನರ್‌ನಿಂದ ಒಂದು ವಾಟ್ಸಾಪ್ ‘ಸರಿ’. ಅದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಮುಂದಿನ ಅಗ್ರಿಮೆಂಟ್‌ನಲ್ಲಿ ಆ ಸಾಲು ಹೊಡೆಸಿಹಾಕಿ.

ಬಚ್ಚಿಡುವುದು ಮಾತ್ರ ಬೇಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆಗುತ್ತದೆ. ವಾಚ್‌ಮನ್‌ಗೆ ಈಗಾಗಲೇ ಗೊತ್ತಿರುತ್ತದೆ, ಬರೆದಿಟ್ಟುಕೊಳ್ಳಿ.

ಬೋಗಾದಿ_ಬೆಕ್ಕಮ್ಮ:

ಮೇಲಿನವರು ಹೇಳಿದ್ದು ಸರಿ, ಆದರೆ ಓನರ್ ಜೊತೆ ಮಾತಾಡುವ ಮೊದಲು ಮನೆ ಸರಿ ಮಾಡಿಕೊಳ್ಳಿ. ಅವರು ಬಂದು ಬಾಗಿಲು ತೆಗೆದಾಗ ಮೂಗಿಗೆ ಏನೂ ಬಡಿಯಬಾರದು. ಅರ್ಧ ವಾದ ಅಲ್ಲೇ ಗೆದ್ದ ಹಾಗೆ.

ಮೊದಲನೆಯದು ಮರಿ ಆಗದ ಹಾಗೆ ಮಾಡಿಸುವ ಆಪರೇಷನ್. ಹೆಣ್ಣು ಮರಿ ಅಂದಿರಿ. ನಾಲ್ಕೈದು ತಿಂಗಳಿಗೇ ಬೆದೆಗೆ ಬಂದುಬಿಡಬಹುದು, ಆಗ ಅದು ಕೂಗುವುದನ್ನು ನೀವು ಕೇಳಿಲ್ಲ ಅನ್ನಿಸುತ್ತದೆ. ಮಗು ಅತ್ತ ಹಾಗೆ, ರಾತ್ರಿಯಿಡೀ, ಎದುರು ಮನೆಯವರು ಬಂದು ಬೆಲ್ ಮಾಡುವ ತನಕ. ನಿಮ್ಮ ಗುಟ್ಟು ರಟ್ಟಾಗುವುದು ಅವತ್ತೇ. ಡಾಕ್ಟರ್ ಹತ್ತಿರ ಈಗಲೇ ಮಾತಾಡಿ ದಿನ ಗೊತ್ತು ಮಾಡಿಕೊಳ್ಳಿ. ಲಸಿಕೆ ಕೂಡ ಹಾಕಿಸಿ, ಎಂಟೊಂಬತ್ತು ವಾರಕ್ಕೆ ಟ್ರೈಕ್ಯಾಟ್ (ಬೆಕ್ಕುಗಳ ಮೂರು ವೈರಸ್ ರೋಗಗಳಿಗೆ ಒಂದೇ ಲಸಿಕೆ), ಮೂರ್ನಾಲ್ಕು ವಾರ ಬಿಟ್ಟು ಇನ್ನೊಂದು, ಮೂರು ತಿಂಗಳಾದ ಮೇಲೆ ರೇಬಿಸ್‌ದು. ಹೊರಗೇ ಹೋಗಲ್ಲ, ಲಸಿಕೆ ಯಾಕೆ ಅನ್ನಬೇಡಿ. ಮರಿಗಳ ಜೀವ ತೆಗೆಯುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ನಿಮ್ಮ ಚಪ್ಪಲಿಯಲ್ಲೇ ಒಳಗೆ ಬರುತ್ತದೆ. ಜೊತೆಗೆ ಓನರ್‌ಗೆ ತೋರಿಸಲು ಒಂದು ಕಾರ್ಡ್ ಕೈಯಲ್ಲಿರುತ್ತದೆ.

ಎರಡನೆಯದು ಲಿಟರ್, ಅಂದರೆ ಬೆಕ್ಕು ಕಕ್ಕ ಉಚ್ಚೆ ಮಾಡಲು ಟ್ರೇಯಲ್ಲಿ ಹಾಕುವ ಪುಡಿ. ದಿನಕ್ಕೆ ಎರಡು ಸಲ ಎತ್ತಲೇಬೇಕು, ಬೇರೆ ಯಾವ ಉಪಾಯವೂ ಇಲ್ಲ. ಸುವಾಸನೆ ಬೆರೆಸಿದ ಲಿಟರ್ ತರಬೇಡಿ, ತುಂಬಾ ಬೆಕ್ಕುಗಳಿಗೆ ಆ ವಾಸನೆ ಹಿಡಿಸದೆ ಸೋಫಾ ಹಿಂದೆ ಹೋಗುತ್ತವೆ. ಬೆಂಟೊನೈಟ್ ಲಿಟರನ್ನು ಟಾಯ್ಲೆಟ್‌ಗೆ ಹಾಕಿ ನೀರು ಬಿಡಲೇಬೇಡಿ. ಅದು ನೀರು ಕುಡಿದು ಉಬ್ಬುವ ಜೇಡಿ, ಪೈಪ್ ಕಟ್ಟಿಕೊಂಡರೆ ಕೆಳಗಿನ ಮನೆಯವರ ಬಚ್ಚಲಲ್ಲಿ ನೀರು ಮೇಲೆ ಬರುತ್ತದೆ. ಪೇಪರ್‌ನಲ್ಲಿ ಸುತ್ತಿ, ಹಸಿಕಸ ಒಣಕಸ ಎರಡಕ್ಕೂ ಬೆರೆಸದೆ, ಪ್ಯಾಡ್ ಡೈಪರ್ ಕೊಡುವ ಹಾಗೆ ಬೇರೆಯಾಗಿ ಕಸದ ಗಾಡಿಗೆ ಕೊಡಿ.

ಇದು ಮುಖ್ಯ: ನೆಲ ಒರೆಸಲು ಫಿನಾಯಿಲ್ ಬಳಸುತ್ತಿದ್ದರೆ ಇವತ್ತೇ ನಿಲ್ಲಿಸಿ. ವಾಸನೆ ಹೋಗಲಿ ಎಂದು ಇನ್ನೂ ಜಾಸ್ತಿ ಸುರಿಯುವವರನ್ನು ನೋಡಿದ್ದೇನೆ. ಫಿನಾಲ್ ಇರುವ ಯಾವುದೂ ಬೆಕ್ಕಿನ ಲಿವರ್‌ಗೆ ಅರಗುವುದಿಲ್ಲ. ಒರೆಸಿದ ನೆಲದ ಮೇಲೆ ನಡೆದು ಕಾಲು ನೆಕ್ಕಿಕೊಂಡರೆ ಸಾಕು, ವಿಷ ಒಳಗೆ ಹೋಯಿತು. ಡೋಲೋ ಮಾತ್ರೆಯೂ ಹಾಗೇ, ಜ್ವರ ಬಂದಿದೆ ಎಂದು ಕಾಲು ಭಾಗ ಮುರಿದು ಕೊಟ್ಟರೂ ಬೆಕ್ಕು ಉಳಿಯುವುದು ಕಷ್ಟ. ಉಚ್ಚೆಯ ಜಾಗಕ್ಕೆ ಎನ್ಜೈಮ್ ಕ್ಲೀನರ್ ಅಂತಲೇ ಸಿಗುತ್ತದೆ. ಬರೀ ನೀರಿನಲ್ಲಿ ತೊಳೆದರೆ ಯೂರಿಕ್ ಆಸಿಡ್ ಹರಳು ಅಲ್ಲೇ ಉಳಿದು, ತೇವ ಆದ ದಿನ ವಾಸನೆ ವಾಪಸ್ ಬರುತ್ತದೆ.

ಬಾಲ್ಕನಿಯಲ್ಲಿ ಮನಿಪ್ಲಾಂಟ್ ಇದ್ದರೆ ಎತ್ತರಕ್ಕೆ ನೇತುಹಾಕಿ, ಅಗಿದರೆ ಬಾಯಿ ಉರಿ, ವಾಂತಿ. ಲಿಲ್ಲಿ ಹೂವು ಮನೆಯೊಳಗೇ ಬೇಡ, ಕಿಡ್ನಿ ಹೋಗುತ್ತದೆ. ಮಲ್ಲಿಗೆ ಪರವಾಗಿಲ್ಲ, ಮುಡಿದುಕೊಳ್ಳಿ.

ಸರಸ್ವತಿಪುರಂ_ಮನೆಯವನು:

ನಾನು ಬಾಡಿಗೆಗೆ ಕೊಡುವ ಕಡೆಯವನು. ಮೇಲೆ ಎರಡು ಮನೆ ಕೊಟ್ಟಿದ್ದೇನೆ, ನನ್ನ ಅಗ್ರಿಮೆಂಟ್‌ನಲ್ಲೂ ಅದೇ ಸಾಲು ಇದೆ. ಬೈಯುವ ಮುಂಚೆ ಕೇಳಿ.

ಆ ಸಾಲು ಬೆಕ್ಕನ್ನು ನೋಡಿ ಬರೆದದ್ದಲ್ಲ. ಸ್ಟಾಂಪ್ ಪೇಪರ್ ಟೈಪ್ ಮಾಡುವವರ ಹತ್ತಿರ ಮೊದಲೇ ಇರುತ್ತದೆ, ಹೆಸರು ಬಾಡಿಗೆ ಬದಲಾಯಿಸಿ ಕೊಡುತ್ತಾರೆ. ನನಗೆ ನಿಜವಾದ ಭಯ ಎರಡೇ. ಒಂದು, ಪ್ಲೈವುಡ್ ಕಬೋರ್ಡ್‌ನ ಕೆಳಗಿನ ಅಂಚು. ಅದಕ್ಕೆ ಉಚ್ಚೆ ಇಳಿದರೆ ಪೇಂಟ್ ಹೊಡೆದರೂ ಹೋಗುವುದಿಲ್ಲ, ಆ ಹಲಗೆಯನ್ನೇ ಬದಲಾಯಿಸಬೇಕು, ಮುಂದೆ ಮನೆ ನೋಡಲು ಬಂದವರು ಅಡುಗೆಮನೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ವಾಪಸ್ ಹೋಗುತ್ತಾರೆ. ಎರಡನೆಯದು ಹೇಳಿದರೆ ಜಗಳ ಆಗುತ್ತದೆ, ಆದರೂ ಹೇಳುತ್ತೇನೆ: ಮೀನು. ನಮ್ಮ ಬೀದಿಯಲ್ಲಿ ಮನೆ ಕೊಡುವಾಗ ಮೊದಲ ಪ್ರಶ್ನೆ ಏನು ಅಂತ ಎಲ್ಲರಿಗೂ ಗೊತ್ತು. ಬೆಕ್ಕಿಗೆ ಮೀನು ಬೇಯಿಸುತ್ತಾರೆ ಅನ್ನುವುದೇ ನಮ್ಮ ಮನೆಯವರ ತಕರಾರು, ಬೆಕ್ಕಲ್ಲ.

ಅಡ್ವಾನ್ಸ್ ಮೇಲೆ ಸ್ವಲ್ಪ ಜಾಸ್ತಿ ಇಟ್ಟು, ಹಾನಿಯಾದರೆ ಇದರಲ್ಲಿ ಹಿಡಿದುಕೊಳ್ಳಿ ಎಂದು ಬಾಡಿಗೆಯವರೇ ಮುಂದಾಗಿ ಹೇಳಿದರೆ ನಾನು ಒಪ್ಪುತ್ತೇನೆ. ಮೂರನೆಯವರಿಂದ ಗೊತ್ತಾದರೆ ಒಪ್ಪುವುದಿಲ್ಲ.

ಗೋಕುಲಂ_ಗುರುಗುರು:

ಅಂದರೆ ಮೈಸೂರಿನಲ್ಲಿ ಮನೆ ಬೇಕಾದರೆ ಬೆಕ್ಕಿನ ಜಾತಿಯನ್ನೂ ಹೇಳಬೇಕು! ಮೊಸರನ್ನ ತಿನ್ನುವ ಬೆಕ್ಕು ಎಂದು ಜಾಹೀರಾತು ಹಾಕಿ.

ಬೋಗಾದಿ_ಬೆಕ್ಕಮ್ಮ:

ತಮಾಷೆ ಸರಿ, ಆದರೆ ನಿಜವಾಗಿಯೂ ಮೊಸರನ್ನದಲ್ಲೇ ಸಾಕುವವರಿದ್ದಾರೆ. ಬೆಕ್ಕಿಗೆ ಟಾರೀನ್ ಅನ್ನುವ ಪೋಷಕಾಂಶ ಬೇಕು, ಅದು ಮಾಂಸದಲ್ಲಿ ಮಾತ್ರ ಸಾಕಷ್ಟಿರುತ್ತದೆ. ಸಿಗದಿದ್ದರೆ ನಿಧಾನವಾಗಿ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ. ಹಾಲೂ ಅಷ್ಟೇ, ದೊಡ್ಡದಾದ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಅರಗದೆ ಭೇದಿಯಾಗುತ್ತದೆ. ಓನರ್ ಸರ್ ಹೇಳಿದ ಮೀನಿನ ಸಮಸ್ಯೆಗೆ ಒಣ ಆಹಾರ ಕೊಡಿ, ಬೇಯಿಸುವುದೇ ಇಲ್ಲ, ಟಾರೀನ್ ಅದರಲ್ಲಿ ಸೇರಿಸಿಯೇ ಇರುತ್ತಾರೆ. ನೀರು ಮಾತ್ರ ಎರಡು ಮೂರು ಕಡೆ ಇಡಿ.

ಮಂಡ್ಯ_ಗುತ್ತಲು_ರೋಡ್:

ಇಷ್ಟೆಲ್ಲಾ ಯಾಕೆ, ನಿಮ್ಮಮ್ಮ ಹೇಳಿದ ಹಾಗೆ ಹಳ್ಳಿಗೆ ಬಿಡಿ. ನಮ್ಮ ಕಡೆ ಗದ್ದೆ, ಆಲೆಮನೆ, ಇಲಿಗೆ ಬರವಿಲ್ಲ, ಆರಾಮಾಗಿರುತ್ತದೆ.

ಹನ್ನೊಂದು_ತಿಂಗಳು:

ಸರ್, ದಿಂಬಿನ ಮೇಲೆ ಬೆಳೆದ ಬೆಕ್ಕಿಗೆ ನಾಯಿ ಬಂದರೆ ಯಾವ ಕಡೆ ಓಡಬೇಕು ಅಂತಲೇ ಗೊತ್ತಿರುವುದಿಲ್ಲ. ಯಾರಾದರೂ ಮನೆಯವರು ನೋಡಿಕೊಳ್ಳುತ್ತಾರೆ ಅಂದರೆ ಬೇರೆ ಮಾತು. ಸುಮ್ನೆ ಬಿಟ್ಟು ಬಂದು ಅದು ಹಸಿವಿನಿಂದ ನರಳಿದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅದು ಅಪರಾಧ.

ಮಂಡ್ಯ_ಗುತ್ತಲು_ರೋಡ್:

ಸರಿ ಸರಿ, ಕೋರ್ಟಿಗೆ ಎಳೀಬೇಡಿ. ಹಾಗಾದರೆ ಒಂದು ಕೆಲಸದ ಮಾತು ಹೇಳುತ್ತೇನೆ. ಬೆಕ್ಕು ಬಾಗಿಲು ಬಿಟ್ಟು ಅದನ್ನು ಗೀರಲಿ ಎಂದು ಅಂಗಡಿಯ ಕಂಬ ತರಬೇಡಿ. ಒಂದು ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ ನಿಲ್ಲಿಸಿ, ಅಲುಗಾಡಬಾರದು, ಬೆಕ್ಕು ಪೂರ್ತಿ ಮೈ ಚಾಚಿ ನಿಂತರೂ ಮೇಲೆ ಇನ್ನೂ ಹಗ್ಗ ಇರಬೇಕು. ಮಲಗಿ ಎದ್ದ ತಕ್ಷಣ ಗೀರುತ್ತವೆ, ಹಾಗಾಗಿ ಮಲಗುವ ಜಾಗದ ಪಕ್ಕದಲ್ಲೇ ಇಡಿ. ಭತ್ತದ ಹೊಟ್ಟು ಪುಕ್ಕಟೆ ಸಿಗುತ್ತದೆ ಎಂದು ಲಿಟರ್‌ಗೆ ಮಾತ್ರ ಹಾಕಬೇಡಿ, ಮನೆ ತುಂಬಾ ಹಾರುತ್ತದೆ.

ಕುವೆಂಪುನಗರ_ಮೂರನೇ_ಮಹಡಿ:

ಎಲ್ಲರಿಗೂ ಥ್ಯಾಂಕ್ಸ್. ಫಿನಾಯಿಲ್ ಬಾಟಲಿ ಈಗಷ್ಟೇ ಹೊರಗಿಟ್ಟೆ. ಓನರ್‌ಗೆ ಹೇಳುತ್ತೇವೆ, ತಂಗಿಯೂ ಒಪ್ಪಿದಳು. ಇನ್ನೊಂದೇ ಪ್ರಶ್ನೆ. ಬಾಲ್ಕನಿಗೆ ನೆಟ್ ಹಾಕಿಸಬೇಕು, ಗೋಡೆಗೆ ಡ್ರಿಲ್ ಮಾಡಬೇಕಾಗುತ್ತದೆ. ಇದನ್ನೂ ಒಟ್ಟಿಗೇ ಕೇಳಿದರೆ ಜಾಸ್ತಿ ಆಯಿತು ಅನ್ನುತ್ತಾರಾ?

ಸರಸ್ವತಿಪುರಂ_ಮನೆಯವನು:

ಇಲ್ಲ, ಅದನ್ನೇ ಮೊದಲು ಕೇಳಿ. ಪಾರಿವಾಳದ ಕಾಟಕ್ಕೆ ಎಲ್ಲ ಓನರ್‌ಗಳೂ ಬೇಸತ್ತಿದ್ದಾರೆ. ನಿಮ್ಮ ಖರ್ಚಿನಲ್ಲಿ ನೆಟ್ ಹಾಕಿಸಿ, ಬಿಡುವಾಗ ಹಾಗೇ ಬಿಟ್ಟುಹೋಗುತ್ತೇವೆ ಅನ್ನಿ, ಯಾರೂ ಬೇಡ ಅನ್ನುವುದಿಲ್ಲ. ಆಮೇಲೆ ಬೆಕ್ಕಿನ ವಿಷಯ, ಅದೇ ಫೋನ್‌ನಲ್ಲಿ, ಇನ್ನೊಂದು ದಿನಕ್ಕೆ ಇಡಬೇಡಿ.

ಬೋಗಾದಿ_ಬೆಕ್ಕಮ್ಮ:

ನೆಟ್ ಬಿಗಿಯಾಗಿರಲಿ, ಕೆಳಗಿನ ಅಂಚಿಗೆ ಹುಕ್ ಹತ್ತಿರ ಹತ್ತಿರ ಹಾಕಿಸಿ, ನೆಟ್ ಹಾಕುವವರು ದೂರ ದೂರ ಹೊಡೆದು ಹೋಗುತ್ತಾರೆ. ಮರಿಯ ತಲೆ ತೂರಿದರೆ ಮೈಯೂ ತೂರುತ್ತದೆ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಅನ್ನುವುದನ್ನು ನಂಬಬೇಡಿ, ಮೂರನೇ ಮಹಡಿಯಿಂದ ಬಿದ್ದರೆ ದವಡೆ, ಎದೆ, ಕಾಲು ಮೂರಕ್ಕೂ ಪೆಟ್ಟಾಗುತ್ತದೆ. ನೆಟ್ ಬರುವ ತನಕ ಬಾಲ್ಕನಿ ಬಾಗಿಲು ಹಾಕಿಯೇ ಇರಲಿ. ಕಿಟಕಿಯ ನೈಲಾನ್ ಸೊಳ್ಳೆ ಪರದೆಯನ್ನೂ ನಂಬಬೇಡಿ, ಒಂದೇ ಉಗುರಿಗೆ ಹರಿಯುತ್ತದೆ.