ಹತ್ತು ವರ್ಷ, ಒಂಬತ್ತು ಕ್ಲಬ್: ಈ ಡಿಫೆಂಡರ್‌ನ ಬದುಕನ್ನು ಹೇಗೆ ಓದಬೇಕು?

ಕೇಳಿದವರು: ಕ್ರೀಡಾ ಲೇಖಕಿ, ಮೈಸೂರು

ನಮಸ್ಕಾರ. ಒಂದು ಮಾಸಪತ್ರಿಕೆಗೆ ಫುಟ್‌ಬಾಲ್ ಬಗ್ಗೆ ಬರೆಯುತ್ತೇನೆ. ಈ ಸಲ ತಾರೆಯರನ್ನು ಬಿಟ್ಟು, ಅರ್ಜೆಂಟೀನಾದ ಎರಡನೇ ಮತ್ತು ಮೂರನೇ ಹಂತದಲ್ಲೇ ಆಡಿ ನಿವೃತ್ತನಾದ ಒಬ್ಬ ಡಿಫೆಂಡರ್‌ನ ಬಗ್ಗೆ ಬರೆಯಬೇಕೆಂದಿದ್ದೇನೆ. ನನ್ನ ಬಳಿ ಇರುವುದು ಕ್ಲಬ್‌ಗಳ ಹೆಸರು ಮತ್ತು ಇಸವಿಗಳು ಮಾತ್ರ. ಹತ್ತು ವರ್ಷದಲ್ಲಿ ಒಂಬತ್ತು ಕ್ಲಬ್, ಅವುಗಳಲ್ಲಿ ಎರಡು ಕಡೆ ಆರೇ ತಿಂಗಳು. ಗೋಲುಗಳು ಇಲ್ಲವೆನ್ನುವಷ್ಟು ಕಡಿಮೆ. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ, ಎಲ್ಲಿಯೂ ನೆಲೆ ಸಿಗದವನಂತೆ ಕಾಣುತ್ತಾನೆ. ಹಾಗೆ ಬರೆದರೆ ಅನ್ಯಾಯವಾದೀತೇ? ಇಂಥ ಪಟ್ಟಿಯನ್ನು ಓದಿ ಅನುಭವವಿರುವವರು ದಾರಿ ತೋರಿಸಬೇಕು.

ಉತ್ತರ: ಕೆಲಸದ ಮೇಲೆ ಬ್ಯೂನಸ್ ಐರಿಸ್‌ನಲ್ಲಿ ಕೆಲವು ವರ್ಷ ಇದ್ದವರು

ಖಂಡಿತ ಅನ್ಯಾಯವಾಗುತ್ತದೆ ಮೇಡಂ. ಮೊದಲ ಡಿವಿಷನ್ನಿನ ಕೆಳಗಿರುವುದನ್ನೆಲ್ಲ ಅಲ್ಲಿಯವರು ಒಟ್ಟಾಗಿ ಅಸೆನ್ಸೊ ಎನ್ನುತ್ತಾರೆ. ಆ ಲೋಕದಲ್ಲಿ ಒಂದು ವರ್ಷದ ಒಪ್ಪಂದ ತೀರಾ ಸಾಮಾನ್ಯ. ಬಹುತೇಕ ಕ್ಲಬ್‌ಗಳು ಸದಸ್ಯರ ಸಂಘಗಳು. ಸದಸ್ಯರು ಮತ ಹಾಕಿ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಮಂಡಳಿ ಬದಲಾದರೆ ಕೋಚ್ ಬದಲಾಗುತ್ತಾರೆ, ಕೋಚ್ ಬದಲಾದರೆ ಅರ್ಧ ತಂಡವೇ ಗಂಟುಮೂಟೆ ಕಟ್ಟುತ್ತದೆ. ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿದರೆ ನೋಟಿಸು ಕೊಟ್ಟು ಒಪ್ಪಂದದಿಂದ ಹೊರಬರುವ ಹಕ್ಕು ಆಟಗಾರನಿಗಿದೆ. ಅದಕ್ಕಾಗಿ ಹೋರಾಡುವ ಆಟಗಾರರ ಸಂಘ 1944ರಿಂದ ಇದೆ, 1948ರಲ್ಲಿ ಅದು ದೊಡ್ಡ ಮುಷ್ಕರವನ್ನೇ ನಡೆಸಿತ್ತು. ಹೀಗಿರುವಾಗ ಒಬ್ಬ ಕ್ಲಬ್ ಬಿಟ್ಟ ಎಂದಮಾತ್ರಕ್ಕೆ ಕ್ಲಬ್ಬೇ ಅವನನ್ನು ಬೇಡವೆಂದಿತು ಎಂದು ಎಣಿಸಬೇಡಿ.

ಆ ಎರಡು ಆರು ತಿಂಗಳುಗಳ ಇಸವಿ ಯಾವುದು? 2014ರ ಉತ್ತರಾರ್ಧ ಅಥವಾ 2016ರ ಪೂರ್ವಾರ್ಧವಾಗಿದ್ದರೆ ಕಾರಣ ಹುಡುಕುವುದೇ ಬೇಡ, ಆ ಟೂರ್ನಿಗಳೇ ಅರ್ಧ ವರ್ಷದವು. ಋತುವಿನ ಪಂಚಾಂಗವನ್ನು ಮೊದಲು ಜನವರಿ–ಡಿಸೆಂಬರ್‌ಗೆ, ಮತ್ತೆ ಯುರೋಪಿನ ಕ್ರಮಕ್ಕೆ ಹೊಂದಿಸಲು ಹೊರಟು ಹಾಗೆ ಮಾಡಿದರು. 2014ರ ಆ ಚುಟುಕು ಟೂರ್ನಿಯಲ್ಲಿ ಎರಡನೇ ಹಂತದ 22 ತಂಡಗಳಲ್ಲಿ 10 ತಂಡಗಳು ಒಂದೇ ಏಟಿಗೆ ಮೇಲೇರಿದವು. 2020ರ ಸಾಲಿನಲ್ಲಿ ಪಂದ್ಯಗಳು ಕಡಿಮೆ ಕಂಡರೂ ಗಾಬರಿಯಾಗಬೇಡಿ, ಮಾರ್ಚ್‌ನಲ್ಲಿ ಕೊರೊನಾದಿಂದ ಎಲ್ಲವೂ ನಿಂತಿತ್ತು.

ನಾನು ಹೆಚ್ಚಾಗಿ ನೋಡುತ್ತಿದ್ದುದು ಕಬಾಯಿತೊ ಬಡಾವಣೆಯ ಫೆರೊ ಕ್ಲಬ್‌ನ ಪಂದ್ಯಗಳನ್ನು. ಅಸೆನ್ಸೊ ಪಂದ್ಯಗಳಿಗೆ ಶನಿವಾರದ ಮಧ್ಯಾಹ್ನ ಹಳೆಯ ವಾಡಿಕೆ, ಭಾನುವಾರ ದೊಡ್ಡ ಕ್ಲಬ್‌ಗಳದ್ದು. 2007ರಲ್ಲಿ ಹಿಂಸೆಯಲ್ಲಿ ಅಭಿಮಾನಿಯೊಬ್ಬ ಸತ್ತ ಮೇಲೆ ಕೆಳ ಡಿವಿಷನ್‌ಗಳಲ್ಲಿ ಎದುರಾಳಿ ತಂಡದ ಬೆಂಬಲಿಗರಿಗೆ ಪ್ರವೇಶ ನಿಲ್ಲಿಸಿದರು. ಹಾಗಾಗಿ ಹೊರ ಊರಿಗೆ ಹೋದ ಡಿಫೆಂಡರ್‌ಗೆ ಆ ಮೈದಾನದಲ್ಲಿ ತನ್ನವರೆನ್ನುವವರು ಬೆಂಚಿನ ಮೇಲೆ ಕುಳಿತವರು ಮಾತ್ರ. ತಂತಿಬೇಲಿಗೆ ಅಂಟಿಕೊಂಡು ನಿಂತ ಜನರ ಒಂದೊಂದು ಬೈಗುಳವೂ ಅವನ ಕಿವಿಗೆ ಬೀಳುತ್ತದೆ. ನಿಮ್ಮ ಲೇಖನದಲ್ಲಿ ಇದಕ್ಕೆ ಜಾಗ ಕೊಡಿ.

ಉತ್ತರ: ದಾಖಲೆ ಸಂಗ್ರಹಿಸುವ ಹವ್ಯಾಸದವರು, ಧಾರವಾಡ

ಮೊದಲು ಕ್ಲಬ್ ಯಾವುದೆಂದು ಖಚಿತ ಮಾಡಿಕೊಳ್ಳಿ. ಎಸ್ತುದಿಯಾಂತೆಸ್ ಎಂದಿದ್ದರೆ ಅದು ಲಾ ಪ್ಲಾಟಾದ್ದೋ, ಕಸೆರೊಸ್‌ನದ್ದೋ, ರಿಯೊ ಕುವಾರ್ತೊದ್ದೋ? ಸಾನ್ ಮಾರ್ತಿನ್ ಎಂದರೆ ಸಾನ್ ಹುವಾನ್ ಊರಿನದೋ, ತುಕುಮಾನ್‌ನದೋ? ಹಿಮ್ನಾಸಿಯಾ ಲಾ ಪ್ಲಾಟಾದಲ್ಲೂ ಇದೆ, ಮೆಂದೋಸಾದಲ್ಲೂ ಇದೆ, ಹುಹುಯ್‌ನಲ್ಲೂ ಇದೆ. ಇಲ್ಲಿ ಎಡವಿದರೆ ಮೂರನೇ ಹಂತದ ಹುಡುಗನನ್ನು ನೀವು ಮೊದಲ ಡಿವಿಷನ್ನಿಗೆ ಏರಿಸಿಬಿಡುತ್ತೀರಿ.

ಎರಡನೆಯದಾಗಿ, ಮೂರನೇ ಹಂತ ಎನ್ನುವುದು ಒಂದೇ ಲೀಗ್ ಅಲ್ಲ. ರಾಜಧಾನಿ ಮತ್ತು ಸುತ್ತಲಿನ ಕ್ಲಬ್‌ಗಳು ಪ್ರಿಮೇರಾ ಬಿ ಆಡುತ್ತವೆ, ಒಳನಾಡಿನ ಪ್ರಾಂತ್ಯಗಳವು ಫೆಡರಲ್ ಎ. ಹಂತ ಒಂದೇ ಆದರೂ ಆಡುವವನಿಗೆ ಎರಡೂ ಬೇರೆ ಬೇರೆ ಬದುಕು. ಪ್ರಿಮೇರಾ ಬಿ ಆಟಗಾರ ಪಂದ್ಯ ಮುಗಿಸಿ ರಾತ್ರಿ ಮನೆಯಲ್ಲಿ ಊಟ ಮಾಡುತ್ತಾನೆ. ಫೆಡರಲ್ ಎ ಆಟಗಾರನಿಗೆ ರಾತ್ರಿಯಿಡೀ ಬಸ್ಸು. ಬ್ಯೂನಸ್ ಐರಿಸ್‌ನಿಂದ ಪಟಗೋನಿಯಾದ ಕೊಮೊದೊರೊ ರಿವಾದಾವಿಯಾಕ್ಕೆ ರಸ್ತೆಯಲ್ಲಿ ಸುಮಾರು 1,800 ಕಿಲೋಮೀಟರ್. ಪಟ್ಟಿಯಲ್ಲಿ ರಾಜಧಾನಿಯ ಕ್ಲಬ್ ಆದಮೇಲೆ ದಕ್ಷಿಣದ ಕ್ಲಬ್ ಬಂದಿದ್ದರೆ ಅವನ ಮನೆಯವರು ಎಲ್ಲಿ ಉಳಿದರು ಎಂದು ವಿಚಾರಿಸಿ.

ಉತ್ತರ: ಬೆಂಗಳೂರಿನ ಲೀಗ್‌ಗಳಲ್ಲಿ ಸ್ಟಾಪರ್ ಆಗಿ ಆಡಿದವರು

ಗೋಲು ಕಡಿಮೆ ಎಂದು ಬರೆದಿದ್ದೀರಿ, ಓದಿ ನೋವಾಯಿತು. ಡಿಫೆಂಡರ್‌ನನ್ನು ಗೋಲಿನಿಂದ ಅಳೆಯಬೇಡಿ. ಎಷ್ಟು ಪಂದ್ಯಗಳಲ್ಲಿ ಮೊದಲ ಹನ್ನೊಂದರಲ್ಲಿ ಇದ್ದ, ಎಷ್ಟು ಪಂದ್ಯ ಪೂರ್ತಿ ತೊಂಬತ್ತು ನಿಮಿಷ ಆಡಿದ, ಇವೆರಡು ನೋಡಿ. ಋತುವಿಗೆ ಮೂವತ್ತು ಪಂದ್ಯ ಪೂರ್ತಿ ಆಡಿದವನ ಮೇಲೆ ಕೋಚ್‌ಗೆ ನಂಬಿಕೆ ಇತ್ತು ಎಂದೇ ಅರ್ಥ. ಅಲ್ಲಿ ಐದು ಹಳದಿ ಕಾರ್ಡಿಗೆ ಒಂದು ಪಂದ್ಯ ನಿಷೇಧ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜೆರ್ಸಿ ಸಂಖ್ಯೆಯೂ ಮಾತಾಡುತ್ತದೆ. ಅರ್ಜೆಂಟೀನಾದ ರೂಢಿಯಲ್ಲಿ 2 ಮತ್ತು 6 ಮಧ್ಯದ ಡಿಫೆಂಡರ್‌ಗಳು, 4 ಬಲ ಅಂಚು, 3 ಎಡ ಅಂಚು. ಇಪ್ಪತ್ತರಲ್ಲಿ 4 ಧರಿಸಿ ಓಡುತ್ತಿದ್ದವನು ಮೂವತ್ತರ ಹೊತ್ತಿಗೆ 2 ಧರಿಸಿ ಮಧ್ಯಕ್ಕೆ ಬಂದಿದ್ದರೆ, ಕಾಲಿನ ವೇಗ ಇಳಿದ ಮೇಲೆ ಆಟವನ್ನು ಓದುವುದು ಕಲಿತಿದ್ದಾನೆ ಎಂದೇ ನಾನು ತಿಳಿಯುತ್ತೇನೆ. ನಾನು ಆಡಿದ ಮಟ್ಟ ಅದಕ್ಕಿಂತ ಎಷ್ಟೋ ಕೆಳಗಿನದು, ಆದರೂ ಆ ಬದಲಾವಣೆ ಎಷ್ಟು ಕಷ್ಟ ಎನ್ನುವುದು ನನ್ನ ಮಂಡಿಗಳಿಗೆ ಗೊತ್ತು.

ಕೇಳಿದವರು

ಎಲ್ಲರಿಗೂ ಕೃತಜ್ಞತೆ. ಒಂದು ಆರು ತಿಂಗಳು 2016ರದ್ದೇ! ಇನ್ನೊಂದು ಸಂದೇಹ ಉಳಿದಿದೆ. ಇಷ್ಟು ಪಂದ್ಯ ಆಡಿದವನಾದರೆ ಮೇಲಿನ ಡಿವಿಷನ್ನಿಗೆ ಏಕೆ ಹೋಗಲಿಲ್ಲ ಎಂದು ಓದುಗರು ಕೇಳುವುದಿಲ್ಲವೇ?

ಉತ್ತರ: ಬ್ಯೂನಸ್ ಐರಿಸ್‌ನಲ್ಲಿ ಇದ್ದವರು

ಕೇಳುತ್ತಾರೆ. ಅವರ ಮುಂದೆ ಲೆಕ್ಕ ಇಡಿ. ಎರಡನೇ ಹಂತವಾದ ಪ್ರಿಮೇರಾ ನಾಸಿಯೊನಾಲ್‌ನಲ್ಲಿ 2024ರಲ್ಲಿ 38 ತಂಡ, 2025ರಲ್ಲಿ 36. ಮೇಲೇರಿದ್ದು ಎರಡೂ ವರ್ಷ ಎರಡೆರಡೇ. ತಂಡ ಏರಿದರೂ ಮೇಲಿನ ಡಿವಿಷನ್ನಿಗೆಂದು ಕ್ಲಬ್ ಹೊಸ ಡಿಫೆಂಡರ್‌ಗಳನ್ನು ತರುವುದುಂಟು. ಏರಿಸಿದವನು ಮತ್ತೊಂದು ಕೆಳ ಡಿವಿಷನ್ ಕ್ಲಬ್ ಹುಡುಕಿಕೊಳ್ಳಬೇಕಾಗುತ್ತದೆ.

ಕೆಳಗಿನಿಂದ ಮೇಲೆ ಹೋದವರು ಇಲ್ಲವೆಂದಲ್ಲ. ಫೆದೆರಿಕೊ ಫಾಸಿಯೊ ಎರಡನೇ ಹಂತದ ಫೆರೊದಿಂದ 2007ರಲ್ಲಿ ನೇರವಾಗಿ ಸ್ಪೇನ್‌ನ ಸೆವಿಯಾ ಕ್ಲಬ್‌ಗೆ ಹೋದರು, 2018ರ ವಿಶ್ವಕಪ್ ತಂಡದಲ್ಲೂ ಇದ್ದರು. ಹೊನಾತಾನ್ ಮೈದಾನಾ ಲೋಮಾಸ್ ದೆ ಸಾಮೊರಾದ ಲೋಸ್ ಆಂದೆಸ್ ಕ್ಲಬ್‌ನಲ್ಲಿ ಆರಂಭಿಸಿ ದೇಶದ ದೊಡ್ಡ ಕ್ಲಬ್‌ಗಳಲ್ಲೊಂದಾದ ಬೋಕಾ ಸೇರಿದರು, ಆಮೇಲೆ ಅಷ್ಟೇ ದೊಡ್ಡ ರಿವರ್ ಪ್ಲೇಟ್. 2011ರಲ್ಲಿ ರಿವರ್ ಮೊದಲ ಬಾರಿ ಎರಡನೇ ಹಂತಕ್ಕೆ ಕುಸಿದಾಗ ಅವರು ಆ ತಂಡದಲ್ಲೇ ಇದ್ದರು. ಅಲ್ಲೇ ಉಳಿದು 2015 ಮತ್ತು 2018ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಕೊಪಾ ಲಿಬರ್ತದೋರೆಸ್ ಗೆದ್ದರು. ಆದರೆ ನಿಮ್ಮ ನಾಯಕನನ್ನು ಇವರ ಪಕ್ಕದಲ್ಲಿಟ್ಟು ತೂಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ನೂರಾರು ಡಿಫೆಂಡರ್‌ಗಳಲ್ಲಿ ಇವರು ಇಬ್ಬರು.

ಅವನ ಪಟ್ಟಿಯಲ್ಲಿ ಪರಾನಾ ಊರಿನ ಪತ್ರೊನಾತೊ ಇದ್ದರೆ ಇಸವಿ ನೋಡಿ. ಆ ಕ್ಲಬ್ 2022ರಲ್ಲಿ ದೇಶದ ಕಪ್ ಟೂರ್ನಿಯಾದ ಕೊಪಾ ಅರ್ಜೆಂಟೀನಾ ಗೆದ್ದು ಲಿಬರ್ತದೋರೆಸ್‌ಗೆ ಅರ್ಹತೆ ಪಡೆಯಿತು. ಅದೇ ವರ್ಷ, ಹಲವು ಋತುಗಳ ಅಂಕ ಕೂಡಿಸಿ ತೆಗೆಯುವ ಸರಾಸರಿಯ ನಿಯಮದಿಂದ ಎರಡನೇ ಹಂತಕ್ಕೂ ಇಳಿಯಿತು. ಹೀಗಾಗಿ 2023ರಲ್ಲಿ ಅದರ ಆಟಗಾರರು ವಾರದ ಕೊನೆಗೆ ಪ್ರಿಮೇರಾ ನಾಸಿಯೊನಾಲ್, ವಾರದ ಮಧ್ಯೆ ಲಿಬರ್ತದೋರೆಸ್ ಆಡಿದರು.

ಮಾತಿಗೆ ಅವನೇ ಸಿಕ್ಕರೆ ಆಟದ ಬಗ್ಗೆ ಆಮೇಲೆ ಕೇಳಿ. ಮೊದಲು ತರಬೇತಿ ಮುಗಿಸಿ ಮಧ್ಯಾಹ್ನ ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿ. ಈಗ ಇಲ್ಲದ ಐದನೇ ಹಂತದ ಪ್ರಿಮೇರಾ ಡಿ ಕೊನೆಯವರೆಗೂ ಹವ್ಯಾಸಿ ಲೀಗ್ ಆಗಿಯೇ ಇತ್ತು. ಅದಕ್ಕಿಂತ ಮೇಲಿನ ಹಂತಗಳಲ್ಲೂ ಟ್ಯಾಕ್ಸಿ ಓಡಿಸಿ, ಗಾರೆ ಕೆಲಸ ಮಾಡಿ ಸಂಸಾರ ನಡೆಸಿದವರಿದ್ದಾರೆ. ಒಂಬತ್ತು ಕ್ಲಬ್‌ಗಳಲ್ಲಿ ಸಂಬಳ ಸರಿಯಾಗಿ ಕೊಟ್ಟವು ಎಷ್ಟು, ಎರಡನೇ ಸಲ ಕರೆಸಿಕೊಂಡ ಕೋಚ್ ಯಾರಾದರೂ ಇದ್ದಾರೆಯೇ ಎಂದೂ ಕೇಳಿ. ಒಬ್ಬ ಕೋಚ್ ಮೂರು ಕಡೆ ಜೊತೆಗೆ ಕರೆದೊಯ್ದಿದ್ದರೆ, ನಿಮ್ಮ ಲೇಖನವನ್ನು ಅಲ್ಲಿಂದಲೇ ಶುರುಮಾಡಿ.